ಇಳಿಜಾರು ಎಂಬ ಪದವೂ ಅಕ್ಕನ ಹತ್ತೊಂಬತ್ತು ಮೆಟ್ಟಿಲೂ

ಮಾನ್ಯ ಕಟ್ಟಡ ಪರವಾನಗಿ ಅಧಿಕಾರಿಗಳೇ,

ನನ್ನ ಅಕ್ಕ ಮನೆಯ ಮಹಡಿಯಿಂದ ಇಳಿದು ಬೀದಿ ಕಂಡು ಹದಿನಾಲ್ಕು ತಿಂಗಳಾಯಿತು. ಅದಕ್ಕೆ ಅರ್ಧ ಕಾರಣ ಅವಳ ಕಾಲುಗಳು, ಇನ್ನರ್ಧ ಕಾರಣ ತಮ್ಮ ಕಚೇರಿ. ಕಾಲುಗಳ ವಿಷಯದಲ್ಲಿ ವೈದ್ಯರು ಕೈಚೆಲ್ಲಿದ್ದಾರೆ. ಕಚೇರಿಯ ವಿಷಯದಲ್ಲಿ ನಾನಿನ್ನೂ ಕೈಚೆಲ್ಲಿಲ್ಲ, ಆದ್ದರಿಂದ ಈ ಪತ್ರ. ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಬೇಸರ ಬೇಡ. ತಮ್ಮೊಬ್ಬರಿಗೇ ಎಂದು ಬರೆದ ಏಳು ಪತ್ರಗಳು ತಮ್ಮ ಆವಕ ವಿಭಾಗದಲ್ಲಿ ಮುದ್ರೆ ಒತ್ತಿಸಿಕೊಂಡು ನೆಮ್ಮದಿಯಾಗಿ ಮಲಗಿವೆ. ಎಂಟನೆಯದನ್ನೂ ಅಲ್ಲಿಗೇ ಕಳಿಸಿ ಅವುಗಳ ನಿದ್ದೆ ಕೆಡಿಸುವುದು ಸರಿಯಲ್ಲವೆನಿಸಿತು.

ನಾವು ಕೇಳಿದ್ದು ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡತದ ದಪ್ಪ ನೋಡಿದವರು ನಾವೇನೋ ವಿಮಾನ ನಿಲ್ದಾಣ ಕಟ್ಟಲು ಹೊರಟಿದ್ದೇವೆ ಎಂದುಕೊಂಡಾರು. ನಮ್ಮದು ಎರಡಂತಸ್ತಿನ ಸಣ್ಣ ಮನೆ, ಅಕ್ಕನ ಹೆಸರಿನಲ್ಲಿದೆ. ಕೆಳಗಡೆ ಅವಳ ಪುಸ್ತಕ ಬೈಂಡಿಂಗ್ ಅಂಗಡಿ. ಮೇಲೆ ಎರಡು ಕೋಣೆ, ಅಡುಗೆಮನೆ, ಬಚ್ಚಲು. ನಡುವೆ ಹತ್ತೊಂಬತ್ತು ಮೆಟ್ಟಿಲು, ಅರ್ಧದಲ್ಲೊಂದು ಇಕ್ಕಟ್ಟಾದ ತಿರುವು. ಮೂವತ್ತೊಂದು ವರ್ಷ ಅವಳು ದಿನಕ್ಕೆ ಹತ್ತು ಸಲ ಈ ಮೆಟ್ಟಿಲುಗಳನ್ನು ಹತ್ತಿಳಿದಿದ್ದಾಳೆ, ಕಂಕುಳಲ್ಲಿ ಹರಿದ ನಿಘಂಟು, ಕೈಯಲ್ಲಿ ಅಂಟಿನ ಡಬ್ಬಿ. ಈಗ ಬೆನ್ನುಹುರಿಯ ಕಾಯಿಲೆ ಸೊಂಟದಿಂದ ಕೆಳಗಿನ ಬಲವನ್ನೆಲ್ಲ ಕಿತ್ತುಕೊಂಡಿದೆ. ನಾವು ಕೇಳಿದ್ದು ಮೂರೇ. ಹಿತ್ತಲ ಕಡೆ ಖಾಲಿ ಬಿದ್ದಿರುವ ಜಾಗದಲ್ಲಿ ಒಂದು ಬಚ್ಚಲುಮನೆ, ಮುಂಬಾಗಿಲನ್ನು ಒಂದಡಿ ಅಗಲ ಮಾಡುವುದು, ಬಾಗಿಲ ಮುಂದಿನ ಮೂರು ಮೆಟ್ಟಿಲು ತೆಗೆದು ಗಾಲಿಕುರ್ಚಿ ಇಳಿಯುವಂತೆ ಓರೆಯಾಗಿ ಕಾಂಕ್ರೀಟು ಹಾಕುವುದು. ಇಷ್ಟಾದರೆ ಅವಳು ಅಂಗಡಿಯ ಹಿಂಭಾಗದಲ್ಲೇ ಮಂಚ ಹಾಕಿಕೊಂಡು ಇರಬಲ್ಲಳು, ತನ್ನ ಕೆಲಸ ತಾನು ಮಾಡಬಲ್ಲಳು, ಬೇಕೆನಿಸಿದಾಗ ಬೀದಿಗೆ ಹೋಗಬಲ್ಲಳು. ಮೇಸ್ತ್ರಿ ಬಂದು ಅಳತೆ ತೆಗೆದು ಹನ್ನೆರಡು ದಿನದ ಕೆಲಸ ಎಂದ.

ಆಸ್ಪತ್ರೆಗೆಂದು ಎರಡು ಸಲ ನಾನೂ ಮೇಸ್ತ್ರಿಯೂ ಅವಳನ್ನು ಹೊತ್ತು ಇಳಿಸಿದ್ದುಂಟು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. "ಬೀರು ಇಳಿಸಿದ ಹಾಗೆ ಇಳಿಸಿದ್ರಿ, ಅದನ್ನ ಇಳಿಯೋದು ಅಂತಾರಾ?" ಎಂದವಳು ಅಕ್ಕನೇ. ತಿರುವಿನಲ್ಲಿ ಅವಳ ಮೊಣಕೈ ಗೋಡೆಗೆ ಉಜ್ಜಿ ಸುಲಿದುಹೋಗಿತ್ತು. ಈಗ ಅವಳು ಕಿಟಕಿಯ ಬಳಿ ಕುಳಿತು ಕೆಲಸ ಮಾಡುತ್ತಾಳೆ. ಗಿರಾಕಿ ಬೀದಿಯಲ್ಲಿ ನಿಂತು ಕೂಗುತ್ತಾನೆ, ಅಕ್ಕ ಹಗ್ಗಕ್ಕೆ ಕಟ್ಟಿದ ಕೈಚೀಲ ಇಳಿಬಿಡುತ್ತಾಳೆ, ಪುಸ್ತಕ ಮೇಲೇರುತ್ತದೆ. ಹೊಲಿಗೆ ಅವಳದ್ದು. ಆದರೆ ಒತ್ತುಯಂತ್ರವೂ ಅಂಚು ಕತ್ತರಿಸುವ ಯಂತ್ರವೂ ಕೆಳಗಿವೆ, ಅವು ಮೇಲೆ ಬರುವಂಥವಲ್ಲ. ಅಲ್ಲಿಯ ಕೆಲಸ ಸಂಜೆ ನನ್ನ ಪಾಲು. ನಾನು ಕತ್ತರಿಸಿದ ಅಂಚನ್ನು ಅವಳು ಬೆರಳಿನಿಂದ ಸವರಿ ನೋಡಿ ಏನೂ ಹೇಳದೆ ಪಕ್ಕಕ್ಕಿಡುತ್ತಾಳೆ. ಬೈದಿದ್ದರೆ ಸಹಿಸಬಹುದಿತ್ತು.

ತಮ್ಮ ಕಚೇರಿಯ ಗೋಡೆಯ ಮೇಲೆ ದೊಡ್ಡ ಫಲಕವೊಂದಿದೆ: "ಮೂವತ್ತು ದಿನಗಳಲ್ಲಿ ಪರವಾನಗಿ." ಅದರ ಕೆಳಗೆ, ಕಳೆದ ವರ್ಷ ನೂರಕ್ಕೆ ತೊಂಬತ್ತಾರು ಅರ್ಜಿಗಳು ಗಡುವಿನೊಳಗೆ ವಿಲೇವಾರಿಯಾಗಿವೆ ಎಂಬ ಹೆಮ್ಮೆಯ ಸಾಲು. ನಾನು ಪದಗಳ ಜೊತೆ ಬದುಕಿದವನು, ಆದ್ದರಿಂದ ಈ ವಿಲೇವಾರಿ ಎಂಬ ಪದದ ಮುಂದೆ ಸ್ವಲ್ಪ ಹೊತ್ತು ನಿಂತೆ. ಮಂಜೂರಾತಿ ಎಂದು ಬರೆದಿಲ್ಲ, ವಿಲೇವಾರಿ ಎಂದು ಬರೆದಿದ್ದಾರೆ. ಕಸಕ್ಕೂ ನಾವು ಅದೇ ಪದ ಬಳಸುತ್ತೇವಲ್ಲವೇ? ನಮ್ಮ ಅರ್ಜಿ ಐದು ಸಲ ವಿಲೇವಾರಿಯಾಗಿದೆ, ಐದು ಸಲವೂ ಗಡುವಿನೊಳಗೆ. ಇಪ್ಪತ್ತೊಂಬತ್ತನೆಯ ದಿನ ಒಂದು ಆಕ್ಷೇಪಣೆಯೊಂದಿಗೆ ಹಿಂಬರಹ ಬರುತ್ತದೆ. ಅಲ್ಲಿಗೆ ಗಡಿಯಾರ ಸೊನ್ನೆಗೆ ತಿರುಗುತ್ತದೆ. ನಾವು ಉತ್ತರ ಕೊಟ್ಟ ದಿನ ಅರ್ಜಿ ಹೊಸದಾಗಿ ಹುಟ್ಟುತ್ತದೆ. ನಡುವೆ ಅಲೆದ ವಾರಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಇವತ್ತು ತಮ್ಮ ಪರದೆಯ ಮೇಲೆ ನೋಡಿ, ಹದಿನಾಲ್ಕು ತಿಂಗಳ ಈ ಅರ್ಜಿಗೆ ಹನ್ನೊಂದು ದಿನ ವಯಸ್ಸು. ನನ್ನ ತಲೆಗೂದಲಿಗೂ ಈ ಸೌಲಭ್ಯ ಸಿಗುವುದಾದರೆ ಇವತ್ತೇ ಅರ್ಜಿ ಹಾಕುತ್ತೇನೆ.

ಪರಿಶೀಲನೆ ಎಂದರೆ ಉರಿದು ಬೀಳುವವನು ನಾನಲ್ಲ. ಮೂವತ್ತನಾಲ್ಕು ವರ್ಷದಿಂದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೇನೆ. ಬೇರೆಯವರ ತಪ್ಪುಗಳೇ ನನ್ನ ಹೊಟ್ಟೆ ಹೊರೆದಿವೆ. ನಮ್ಮ ಮನೆಗೆ ಎರಡು ಬೀದಿ ಆಚೆ ಯಾರನ್ನೂ ಕೇಳದೆ ಎಬ್ಬಿಸಿದ ಗೋಡೆಯೊಂದು ಕುಸಿದು, ಕೆಳಗೆ ನಿಲ್ಲಿಸಿದ್ದ ಮೂರು ಸ್ಕೂಟರುಗಳು ಅಪ್ಪಚ್ಚಿಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಜಾಗದಲ್ಲಿ ಅರ್ಧ ಗಂಟೆ ಮೊದಲು ಮಕ್ಕಳು ಆಡುತ್ತಿದ್ದರು. ಆದ್ದರಿಂದ ನಕ್ಷೆ ನೋಡಿ, ಅಳತೆ ನೋಡಿ, ಗೋಡೆಯ ಭಾರ ಯಾವುದರ ಮೇಲೆ ಬೀಳುತ್ತದೆ ಎಂದು ಎರಡು ಸಲ ಕೇಳಿ. ನಾನು ಕೇಳುತ್ತಿರುವುದು ಇಷ್ಟೇ: ಪರಿಶೀಲಿಸುವವರು ಒಮ್ಮೆಯಾದರೂ ಓದಬೇಕಲ್ಲವೇ?

ಮೊದಲ ಹಿಂಬರಹ ಬಂದ ದಿನ ನಾವು ಅಕ್ಕ ತಮ್ಮ ಇಬ್ಬರೂ ನಕ್ಕೆವು. "ಸದರಿ ನಿವೇಶನವು ಇಳಿಜಾರು ಪ್ರದೇಶವಾಗಿರುವುದು ಅರ್ಜಿಯಿಂದ ಕಂಡುಬಂದಿರುವುದರಿಂದ, ಮಣ್ಣಿನ ಸ್ಥಿರತೆಯ ವರದಿಯನ್ನು ಲಗತ್ತಿಸತಕ್ಕದ್ದು" ಎಂದಿತ್ತು. ನಮ್ಮ ಬೀದಿ ಎಷ್ಟು ಸಮತಟ್ಟು ಎಂದರೆ ಸುರಿದ ನೀರು ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿರುತ್ತದೆ. ಬೇರೆ ಯಾರದೋ ಕಡತದ ಹಾಳೆ ನಮ್ಮದಕ್ಕೆ ಸೇರಿಕೊಂಡಿರಬೇಕು ಎಂದುಕೊಂಡು, ನಮ್ಮ ನಿವೇಶನ ಇಳಿಜಾರಿನಲ್ಲಿಲ್ಲ ಎಂದು ಒಂದು ಸಭ್ಯ ಪತ್ರ ಬರೆದೆ. ಇಪ್ಪತ್ತೆಂಟು ದಿನ ಬಿಟ್ಟು ಉತ್ತರ ಬಂತು. ಅರ್ಜಿಯಲ್ಲಿ ಇಳಿಜಾರು ಇದೆ ಎಂದಿದೆ, ಪತ್ರದಲ್ಲಿ ಇಳಿಜಾರು ಇಲ್ಲ ಎಂದಿದೆ, ಅರ್ಜಿದಾರರ ಹೇಳಿಕೆಗಳು ಪರಸ್ಪರ ವಿರುದ್ಧವಾಗಿರುವುದರಿಂದ ಮಣ್ಣಿನ ವರದಿ ಕಡ್ಡಾಯ ಎಂದು. ಸುಳ್ಳುಬುರುಕರ ಪಟ್ಟಿಗೆ ನಮ್ಮನ್ನು ಇಷ್ಟು ಮರ್ಯಾದೆಯಿಂದ ಯಾರೂ ಸೇರಿಸಿರಲಿಲ್ಲ.

ಮಣ್ಣು ಪರೀಕ್ಷಿಸುವವರು ತಮ್ಮ ಕಚೇರಿಯ ಮಾನ್ಯತೆ ಪಡೆದವರೇ ಆಗಬೇಕು. ಅವರು ಸಿಗಲು ಹತ್ತು ವಾರ ಬೇಕಾಯಿತು. ಹಿತ್ತಲಿಗೆ ಯಂತ್ರ ತಂದು ಮೂರು ಆಳು ಆಳದ ಗುಂಡಿ ಕೊರೆದರು. ಅಕ್ಕ ಮೇಲಿನ ಕಿಟಕಿಯಿಂದ ನೋಡುತ್ತಾ, "ಬಚ್ಚಲುಮನೆ ಕೇಳಿದ್ವಿ ಅಂತ ಬಾವಿ ತೋಡಿಕೊಡ್ತಿದಾರಾ?" ಎಂದಳು. ವರದಿ ಬಂತು: ನಿವೇಶನ ಸಂಪೂರ್ಣ ಸಮತಟ್ಟು, ಮಣ್ಣು ಗಟ್ಟಿ. ಅದನ್ನು ಎದೆಗೊತ್ತಿಕೊಂಡು ಹೋಗಿ ತಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ ಕೊಟ್ಟೆ. ಮೂರನೆಯ ಹಿಂಬರಹ ಹೀಗಿತ್ತು: "ವರದಿಯ ಪ್ರಕಾರ ನಿವೇಶನದಲ್ಲಿ ಇಳಿಜಾರು ಇಲ್ಲದಿರುವುದರಿಂದ, ನಕ್ಷೆಯಲ್ಲಿ ತೋರಿಸಿರುವ ಇಳಿಜಾರನ್ನು ತೆಗೆದುಹಾಕಿ ಪರಿಷ್ಕೃತ ನಕ್ಷೆ ಸಲ್ಲಿಸತಕ್ಕದ್ದು."

ನಕ್ಷೆ ಬರೆದುಕೊಟ್ಟಿದ್ದ ಎಂಜಿನಿಯರ್ ಹುಡುಗಿಯ ಮೇಜಿನ ಮೇಲೆ ಈ ಹಾಳೆ ಇಟ್ಟೆ. ಅವಳು ಓದಿದಳು, ನಕ್ಷೆ ಬಿಡಿಸಿದಳು, ಮತ್ತೆ ಓದಿದಳು. ಆಮೇಲೆ ಪೆನ್ನಿನ ತುದಿಯನ್ನು ನಮ್ಮ ಮುಂಬಾಗಿಲ ಮೇಲಿಟ್ಟಳು.

"ಸಾರ್, ಇದು ನೋಡಿ. 'ಮುಂಭಾಗದಲ್ಲಿ ಇಳಿಜಾರು' ಅಂತ ಇದೆ. ಅವರು ಇದನ್ನ ಓದಿ ಮನೆ ಗುಡ್ಡದ ಮೇಲಿದೆ ಅಂದ್ಕೊಂಡಿದಾರೆ."

"ಅಳತೆ ಹಾಕಿದ್ದೀರಲ್ಲ ಪಕ್ಕದಲ್ಲೇ? ನಾಲ್ಕಡಿ ಅಗಲದ ಗುಡ್ಡ ಇರುತ್ತಾ?"

"ಅಳತೆ ನೋಡೋ ವಿಭಾಗ ಬೇರೆ ಸಾರ್. ಇವರು ಬರೀ ಅಕ್ಷರ ನೋಡೋರು." ನನ್ನ ಮುಖ ನೋಡದೆ ಹೇಳಿದಳು, "ನಾನು ಮೊದಲು ರ್ಯಾಂಪ್ ಅಂತಾನೇ ಬರೆದಿದ್ದೆ."

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹೌದು, ಅವಳು ರ್ಯಾಂಪ್ ಎಂದೇ ಬರೆದಿದ್ದಳು. ತಿದ್ದಿದವನು ನಾನು. ಅರ್ಜಿ ಸಲ್ಲಿಸುವ ಹಿಂದಿನ ದಿನ ಕರಡು ತರಿಸಿಕೊಂಡು, ಕೆಂಪು ಶಾಯಿಯ ಪೆನ್ನಿನಿಂದ ರ್ಯಾಂಪನ್ನು ಹೊಡೆದುಹಾಕಿ ಇಳಿಜಾರು ಎಂದು ಬರೆದೆ. "ಅಲ್ಲಿ ಎಲ್ಲರೂ ರ್ಯಾಂಪ್ ಅಂತಾನೇ ಬರೆಯೋದು ಸಾರ್" ಎಂದು ಆ ಹುಡುಗಿ ಹೇಳಿದಾಗ, ನಮ್ಮಲ್ಲಿ ಇಷ್ಟು ಚೆಂದದ ಪದವಿರುವಾಗ ಎರವಲು ಯಾಕಮ್ಮ ಎಂದು ಕಾಲು ಗಂಟೆ ಉಪದೇಶ ಮಾಡಿದೆ. ಅವಳು ದೊಡ್ಡವರಿಗೆ ಎದುರಾಡಬಾರದೆಂದು ಸುಮ್ಮನಾದಳು. ಮೂವತ್ತನಾಲ್ಕು ವರ್ಷ ಸಾವಿರಾರು ಪುಟ ತಿದ್ದಿದ ನನ್ನ ಕೈ, ನನ್ನ ಅಕ್ಕನ ಒಂದೇ ಒಂದು ಹಾಳೆಯನ್ನು ತಿದ್ದಿ ಕೆಡಿಸಿತು. ಇದನ್ನು ಅಕ್ಕನಿಗೆ ಹೇಳಲು ನನಗೆ ನಾಲ್ಕು ದಿನ ಹಿಡಿಯಿತು. ಕೇಳಿ ಅವಳು ನಕ್ಕುಬಿಟ್ಟಳು. "ಶಾಲೇಲೂ ಹೀಗೇ ಮಾಡ್ತಿದ್ದೆ ನೀನು. ಸರಿಯಾಗಿದ್ದ ಲೆಕ್ಕಾನ ಅಳಿಸಿ ಮತ್ತೆ ಬರೆದು ತಪ್ಪು ಮಾಡ್ಕೊಂಡು ಬರ್ತಿದ್ದೆ." ನಾನು ನಗಲಿಲ್ಲ. ಈಗಲೂ ನಗು ಬರುವುದಿಲ್ಲ. ನಾನು ಪಂಡಿತಿಕೆ ತೋರಿಸದಿದ್ದರೆ ಅವಳು ಹಿಂದಿನ ಬೇಸಿಗೆಯಲ್ಲೇ ಬೀದಿಗಿಳಿದಿರುತ್ತಿದ್ದಳೇನೋ ಎಂಬ ಯೋಚನೆ ಮುಳ್ಳಿನಂತೆ ಒಳಗೇ ಇದೆ.

ಆದರೆ ಅಧಿಕಾರಿಗಳೇ, ನನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡ ಮೇಲೆ ತಮ್ಮ ಪಾಲಿನದನ್ನು ಕೇಳುವ ಹಕ್ಕು ನನಗಿದೆ. ತಮ್ಮ ಕಚೇರಿಯ ಮುಂಬಾಗಿಲ ಎಡಗಡೆ, ಮೆಟ್ಟಿಲ ಪಕ್ಕದಲ್ಲಿ, ಓರೆಯಾಗಿ ಹಾಕಿದ ಕಾಂಕ್ರೀಟು ದಾರಿಯೊಂದಿದೆ. ಅದರ ಮೇಲೆ ಸಾಲಾಗಿ ಆರು ಸ್ಕೂಟರುಗಳು ನಿಂತಿರುತ್ತವೆ. ಸ್ಕೂಟರುಗಳ ಹಿಂದೆ ಗೋಡೆಯ ಮೇಲೆ ನೀಲಿ ಫಲಕ. ಫಲಕದಲ್ಲಿ ಏನು ಬರೆದಿದೆ ಎಂದು ತಮಗೆ ಗೊತ್ತೇ? "ಗಾಲಿಕುರ್ಚಿಗಾಗಿ ಇಳಿಜಾರು." ದಿನಾ ಆ ಫಲಕದ ಪಕ್ಕದಲ್ಲೇ ನಡೆದು ಒಳಗೆ ಹೋಗುವವರು, ಒಳಗೆ ಕುಳಿತು ಅದೇ ಪದ ಓದಿ ಗುಡ್ಡ ಕಂಡರು. ಇದನ್ನು ನಾನು ಎಲ್ಲಿ ಹೋಗಿ ಹೇಳಿಕೊಳ್ಳಲಿ?

ಮೂರನೇ ಕಿಟಕಿಯ ಗುಮಾಸ್ತೆಗೆ ಈ ಫಲಕದ ವಿಷಯ ಹೇಳಿದೆ. ಆಕೆ ಒಳ್ಳೆಯ ಹೆಂಗಸು, ನನ್ನನ್ನು ಕಂಡರೆ ಈಗ ಮನೆಯವರ ಯೋಗಕ್ಷೇಮ ವಿಚಾರಿಸುತ್ತಾಳೆ. "ಯಜಮಾನ್ರೇ, ನನಗೂ ಅರ್ಥ ಆಗುತ್ತೆ. ಆದ್ರೆ ಕಡತ ನೋಡೋರು ನಿಮಗೆ ಫೋನ್ ಮಾಡಿ ಕೇಳೋ ಹಾಗಿಲ್ಲ. ಅರ್ಜಿದಾರರ ಜೊತೆ ಮಾತಾಡಬಾರದು ಅಂತ ಆದೇಶ ಇದೆ. ಮಾತಾಡಿದ್ರೆ ಕೈ ಬಿಸಿ ಮಾಡಿಸ್ಕೊಂಡ್ರು ಅಂತಾರಲ್ಲ?" ಎಂದಳು. ಈ ಹದಿನಾಲ್ಕು ತಿಂಗಳಲ್ಲಿ ಯಾರೂ ನನ್ನ ಮುಂದೆ ಕೈ ಚಾಚಿಲ್ಲ, ಅದನ್ನು ನಾನು ಎಲ್ಲರೆದುರು ಹೇಳಬಲ್ಲೆ. ತಮ್ಮ ಕಚೇರಿ ಪ್ರಾಮಾಣಿಕವಾಗಿದೆ. ಪ್ರಾಮಾಣಿಕವಾಗಿರಲು ಅದು ಕಂಡುಕೊಂಡ ಉಪಾಯ ಮಾತ್ರ ಬಾಯಿ ಹೊಲಿದುಕೊಳ್ಳುವುದು. ನನ್ನ ವೃತ್ತಿಯಲ್ಲಿ ಅನುಮಾನ ಬಂದರೆ ಅಂಚಿನಲ್ಲೊಂದು ಪ್ರಶ್ನೆಚಿಹ್ನೆ ಹಾಕಿ ಬರೆದವರನ್ನು ಕೇಳುತ್ತೇವೆ: ಸ್ವಾಮಿ, ಇಲ್ಲಿ ನಿಮ್ಮ ಅಭಿಪ್ರಾಯವೇನು? ಅವರು ಹೇಳುತ್ತಾರೆ, ಪುಟ ಮುಂದೆ ಹೋಗುತ್ತದೆ. ಒಂದು ಪದ ಅರ್ಥವಾಗಲಿಲ್ಲವೆಂದು ಪುಸ್ತಕವನ್ನೇ ಮೊದಲ ಪುಟದಿಂದ ಬರೆದುಕೊಂಡು ಬಾ ಎಂದು ಕಳಿಸಿದ್ದರೆ, ನಾನು ಇಷ್ಟು ವರ್ಷದಲ್ಲಿ ಒಂದು ಪುಸ್ತಕವನ್ನೂ ಮುದ್ರಣಕ್ಕೆ ಬಿಡುತ್ತಿರಲಿಲ್ಲ.

ಸರಿ, ಸೋತೆ. ಇಳಿಜಾರನ್ನು ಹೊಡೆದು ರ್ಯಾಂಪ್ ಎಂದು ಬರೆಸಿದೆ. ಇನ್ನೇನು ಮುಗಿಯಿತು ಎಂದುಕೊಂಡಿರಾ? ನಾಲ್ಕನೆಯ ಹಿಂಬರಹ ಬಂದಾಗ ಎಂಜಿನಿಯರ್ ಹುಡುಗಿ ಫೋನಿನಲ್ಲಿ ಓದುತ್ತಾ ಓದುತ್ತಾ ನಗು ತಡೆಯಲಾರದೆ, ಆಮೇಲೆ ಅಳು ತಡೆಯಲಾರದೆ, ಫೋನ್ ಇಟ್ಟುಬಿಟ್ಟಳು. ರ್ಯಾಂಪ್ ಎಂಬ ಪದ ಕಂಡ ಕೂಡಲೇ ಕಡತ ವಾಹನ ನಿಲುಗಡೆ ವಿಭಾಗಕ್ಕೆ ಹೋಗಿತ್ತು. ನೆಲಮಾಳಿಗೆಯಲ್ಲಿ ಎಷ್ಟು ಕಾರು ನಿಲ್ಲುತ್ತವೆ, ಕಾರು ತಿರುಗಲು ಎಷ್ಟು ಜಾಗ ಬಿಟ್ಟಿದ್ದೀರಿ, ಹೊಗೆ ಹೊರಹೋಗಲು ಏನು ವ್ಯವಸ್ಥೆ ಎಂದು ಅವರು ಕೇಳಿದ್ದರು. ನಮಗೆ ನೆಲಮಾಳಿಗೆಯಿಲ್ಲ. ಕಾರಿಲ್ಲ. ಹೊಗೆಯೇನಿದ್ದರೂ ನನ್ನ ತಲೆಯಿಂದ ಬರುತ್ತಿತ್ತು. ಕೊನೆಗೆ ಆ ಹುಡುಗಿ ನಕ್ಷೆಯ ಮೇಲೆ ಪುಟ್ಟದೊಂದು ಗಾಲಿಕುರ್ಚಿಯ ಚಿತ್ರ ಬರೆದು, ಅದರ ಮೇಲೆ ತಲೆ ಬಾಚಿದ ಹೆಂಗಸೊಬ್ಬಳನ್ನು ಕೂರಿಸಿ, ಕೆಳಗೆ "ಇವರು ಇಳಿಯುವ ದಾರಿ" ಎಂದು ಬರೆದಳು. ನಂಬುತ್ತೀರೋ ಇಲ್ಲವೋ, ಅದು ಪಾಸಾಯಿತು. ಅಕ್ಷರ ಬಲ್ಲವರ ಕಚೇರಿಯಲ್ಲಿ ಚಿತ್ರ ಗೆದ್ದಿತು. ಅಕ್ಕ ಆ ಚಿತ್ರದ ನಕಲನ್ನು ಕಿಟಕಿಯ ಪಕ್ಕ ಅಂಟಿಸಿಕೊಂಡಿದ್ದಾಳೆ.

ಇಷ್ಟೆಲ್ಲದರ ನಡುವೆ ಮೇಸ್ತ್ರಿ ಒಂದು ದಿನ ಬಂದು ಮೆಲ್ಲಗೆ ಹೇಳಿದ, "ಸುಮ್ನೆ ಕಟ್ಬಿಡೋಣ ಬಿಡಿ. ಯಾರು ಬಂದು ನೋಡ್ತಾರೆ? ಈ ಬೀದೀಲಿ ನಾನೇ ಐದು ಮನೆ ಮುಂದಕ್ಕೆ ತಳ್ಳಿದೀನಿ, ಒಬ್ಬರೂ ಕೇಳಿಲ್ಲ." ನನ್ನ ಮನಸ್ಸು ಜಾರಿತು, ಸುಳ್ಳೇಕೆ ಹೇಳಲಿ. ಬೇಡವೆಂದವಳು ಅಕ್ಕ. "ನಾಳೆ ಯಾರೋ ಬಂದು ಒಡೆದು ಹಾಕಿದ್ರೆ? ಒಂದ್ಸಲ ಕೆಳಗೆ ಇಳಿದ ಮೇಲೆ ನನ್ನನ್ನ ಮತ್ತೆ ಮೇಲಕ್ಕೆ ಹೊರ್ತೀರಾ? ಸರಿಯಾಗೇ ಆಗ್ಲಿ" ಎಂದಳು. ಈಗ ಹೇಳಿ. ಕೇಳದೆ ಕಟ್ಟಿದ ಐವರೂ ತಮ್ಮ ಹೊಸ ವರಾಂಡದಲ್ಲಿ ಕಾಲು ಚಾಚಿ ಕುಳಿತಿದ್ದಾರೆ. ಕೇಳಿ ಕಟ್ಟುತ್ತೇವೆ ಎಂದವರು ಕಿಟಕಿಯಲ್ಲಿ ಕುಳಿತು ಅವರನ್ನು ನೋಡುತ್ತಿದ್ದಾರೆ. ಕಾನೂನು ಇರುವುದು ಅದನ್ನು ಕೇಳುವವರಿಗೆ ಮಾತ್ರವೇ?

ಇನ್ನು ಐದನೆಯ ವಿಲೇವಾರಿಯ ಕತೆ. ಚಿತ್ರ ಪಾಸಾದ ಮೇಲೆ ಉಳಿದದ್ದು ಸ್ಥಳ ಪರಿಶೀಲನೆ ಒಂದೇ. ಯಾವ ದಿನ ಬರುತ್ತಾರೆ ಎಂದು ತಿಳಿಸುವ ಪದ್ಧತಿ ಇಲ್ಲವಂತೆ, ತಿಳಿಸಿದರೆ ಜನ ಮೊದಲೇ ಎಲ್ಲ ಸರಿಮಾಡಿಟ್ಟುಕೊಳ್ಳುತ್ತಾರಂತೆ. ಆ ಗುರುವಾರ ನಾನು ಮುದ್ರಣಾಲಯಕ್ಕೆ ಅರ್ಧ ದಿನ ರಜೆ ಹಾಕಿ ತಮ್ಮ ಮೂರನೇ ಕಿಟಕಿಯ ಮುಂದೆ ನಿಂತಿದ್ದೆ, ಪರಿಶೀಲಕರು ಯಾವಾಗ ಬರುತ್ತಾರೆಂದು ಕೇಳಲು. ಅದೇ ಹೊತ್ತಿಗೆ ಪರಿಶೀಲಕರು ನಮ್ಮ ಬಾಗಿಲಲ್ಲಿ ನಿಂತು ಬೆಲ್ ಒತ್ತುತ್ತಿದ್ದರು.

ಅಕ್ಕ ಕಿಟಕಿಯಿಂದ ಕೂಗಿದಳು. ತಾನೇ ಅರ್ಜಿದಾರಳು, ಇಳಿಯಲಾಗುವುದಿಲ್ಲ ಎಂದಳು. ಕೈಚೀಲದಲ್ಲಿ ಬೀಗದ ಕೈ ಹಾಕಿ ಹಗ್ಗ ಇಳಿಬಿಟ್ಟಳು. ಪರಿಶೀಲಕರು ಕೆಟ್ಟವರಲ್ಲ, ಬಿಸಿಲಲ್ಲಿ ಹತ್ತು ನಿಮಿಷ ನಿಂತು ಮಾತಾಡಿದರಂತೆ. "ಬೀಗದ ಕೈ ನಾವು ಮುಟ್ಟೋ ಹಾಗಿಲ್ಲ ತಾಯಿ. ಅರ್ಜಿದಾರರೇ ಖುದ್ದಾಗಿ ಬಾಗಿಲು ತೆಗೆದು ತೋರಿಸಬೇಕು, ಹಾಗಂತ ನಮೂನೆಯಲ್ಲೇ ಇದೆ" ಎಂದರಂತೆ. "ಬಾಗಿಲು ತೆಗೆಯೋಕೆ ಆಗೋ ಹಾಗಿದ್ರೆ ನಿಮ್ಮನ್ನ ಯಾಕಪ್ಪ ಕರೀತಿದ್ದೆ?" ಎಂದು ಅಕ್ಕ ಕೇಳಿದಳಂತೆ. ಅವರು ತಲೆ ತಗ್ಗಿಸಿ ನಮೂನೆ ತುಂಬಿಕೊಂಡು ಹೋದರು. ಆ ನಮೂನೆಯ ನಕಲು ನನ್ನ ಮುಂದಿದೆ. ಅದರಲ್ಲಿ ಎರಡೇ ಚೌಕಗಳು: ಅರ್ಜಿದಾರರು ಬಾಗಿಲು ತೆರೆದರು, ಅರ್ಜಿದಾರರು ಬಾಗಿಲು ತೆರೆಯಲಿಲ್ಲ. ತೆರೆಯಲಾರರು ಎಂಬುದಕ್ಕೆ ಚೌಕವಿಲ್ಲ. ಎರಡನೆಯ ಚೌಕದಲ್ಲಿ ಗುರುತು. "ಅರ್ಜಿದಾರರು ಸಹಕರಿಸದ ಕಾರಣ ಕಡತ ಮುಕ್ತಾಯಗೊಳಿಸಲಾಗಿದೆ." ಕೆಳಗಿಳಿಯಲು ದಾರಿ ಕೊಡಿ ಎಂದವಳ ಅರ್ಜಿಯನ್ನು, ಅವಳು ಕೆಳಗಿಳಿದು ಬರಲಿಲ್ಲವೆಂದು ಮುಚ್ಚಿದಿರಿ. ಮೂವತ್ತನಾಲ್ಕು ವರ್ಷದಲ್ಲಿ ನಾನು ಇಂಥ ವಾಕ್ಯವನ್ನು ತಿದ್ದಿಲ್ಲ. ತಿದ್ದುವುದು ಹೇಗೆಂದೂ ನನಗೆ ಗೊತ್ತಿಲ್ಲ.

ಮತ್ತೆ ಅರ್ಜಿ ಹಾಕಿದೆವು. ಅವಳ ಪರವಾಗಿ ನಾನು ಬಾಗಿಲು ತೆಗೆಯುತ್ತೇನೆ ಎಂದೆ. ಅದಕ್ಕೆ ಅಧಿಕಾರ ಪತ್ರ ಬೇಕು. ಅಧಿಕಾರ ಪತ್ರಕ್ಕೆ ಅರ್ಜಿದಾರರು ಖುದ್ದಾಗಿ ತಮ್ಮ ಕಚೇರಿಗೆ ಬಂದು ಅಧಿಕಾರಿಯ ಎದುರು ಸಹಿ ಮಾಡಬೇಕು. ಗುಮಾಸ್ತೆ ಇದನ್ನು ಹೇಳುವಾಗ ನನ್ನ ಕಣ್ಣು ತಪ್ಪಿಸಿದಳು. ಕಳೆದ ಶನಿವಾರ ಹೊಸ ತಿಳಿವಳಿಕೆ ಪತ್ರ ಬಂತು. ಮುಂದಿನ ಮೂವತ್ತು ದಿನಗಳಲ್ಲಿ ಯಾವುದೇ ಕೆಲಸದ ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಪರಿಶೀಲನೆ ನಡೆಯುವುದು, ಅರ್ಜಿದಾರರು ಖುದ್ದಾಗಿ ಬಾಗಿಲು ತೆರೆಯತಕ್ಕದ್ದು. ಅಕ್ಕ ಅದನ್ನು ಎರಡು ಸಲ ಓದಿ ಮಡಿಸಿಟ್ಟಳು. ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಸೋಮವಾರ ಕನ್ನಡಕ ಮರೆತು ಹೋಗಿದ್ದರಿಂದ ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆಗೆದು ತಿರುವಿನವರೆಗೆ ಹತ್ತಿ ನೋಡುತ್ತೇನೆ, ಅಕ್ಕ ಮೆಟ್ಟಿಲ ಮೇಲಿದ್ದಾಳೆ. ಮೇಲಿನಿಂದ ಏಳನೆಯದರ ಮೇಲೆ ಕುಳಿತಿದ್ದಾಳೆ, ಕಾಲುಗಳೆರಡೂ ಮುಂದೆ ನಿರ್ಜೀವವಾಗಿ ಚಾಚಿವೆ. ರಟ್ಟಿಗೆ ಅಂಟಿಸುವ ಒರಟು ಬಟ್ಟೆಯ ತುಂಡುಗಳನ್ನು ಎರಡೂ ಅಂಗೈಗೆ ಸುತ್ತಿ, ಹೊಲಿಗೆಯ ದಾರದಿಂದ ಬಿಗಿದುಕೊಂಡಿದ್ದಾಳೆ. ಮುಖವೆಲ್ಲ ಬೆವರು.

"ಏನ್ ಮಾಡ್ತಿದೀಯಾ ಅಕ್ಕಾ!"

"ಕಾಣಲ್ವಾ? ಪ್ರಾಕ್ಟೀಸು."

"ಬಿದ್ರೆ ಏನ್ ಗತಿ?"

"ಬಿದ್ರೆ ಬೇಗ ತಲುಪ್ತೀನಿ." ಉಸಿರು ತೆಗೆದುಕೊಂಡು ಹೇಳಿದಳು, "ಅವರು ಬಂದಾಗ ಬಾಗಿಲು ತೆಗೀಬೇಕಲ್ಲೋ ಮರಿ. ಇಲ್ಲಾಂದ್ರೆ ಮತ್ತೆ ಒಂದನೇ ದಿನದಿಂದ ಶುರು. ಇನ್ನೊಂದು ವರ್ಷ ನಾನು ಆ ಕಿಟಕೀಲಿ ಕೂರಲಾರೆ."

ಇದುವರೆಗೆ ಒಂದು ದಿನವೂ ಅವಳು ಹಾಗೆ ಹೇಳಿರಲಿಲ್ಲ. ಐವತ್ತೆಂಟು ವರ್ಷದ ನಾನು ಅವಳ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಅತ್ತೆ. ಅವಳು ಬಟ್ಟೆ ಸುತ್ತಿದ ಕೈಯಿಂದ ನನ್ನ ತಲೆ ತಟ್ಟಿ, "ಅಳೋದು ಆಮೇಲೆ, ಈಗ ದಾರಿ ಬಿಡು" ಎಂದಳು.

ತಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕಡತ ಓದುವವರ ಮೇಜಿನ ಮೇಲೆ ಒಂದು ಫೋನ್ ಇಡಿ, ಅರ್ಥವಾಗದ್ದನ್ನು ಅರ್ಜಿದಾರರನ್ನೇ ಕೇಳಲು ಅವರಿಗೆ ಬಾಯಿ ಕೊಡಿ. ಲಂಚದ ಭಯವಿದ್ದರೆ ಆ ಮಾತುಕತೆಯನ್ನು ಬರೆದಿಡಿ, ಅದನ್ನು ಯಾರು ಬೇಕಾದರೂ ಓದಲಿ. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮೊದಲ ಸಲವೇ ಕೇಳಿ. ಬಚ್ಚಲುಮನೆಯ ಅರ್ಜಿಯನ್ನು ನಲವತ್ತಂತಸ್ತಿನ ಅರ್ಜಿಯ ಬೆನ್ನ ಹಿಂದೆ ನಿಲ್ಲಿಸಬೇಡಿ. ಗಡಿಯಾರ ನಿಲ್ಲಿಸುವುದಾದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಬೇಡಿ, ಏಕೆಂದರೆ ನಮ್ಮ ಮನೆಯಲ್ಲಿ ಅದು ಹಿಂದಕ್ಕೆ ತಿರುಗುವುದಿಲ್ಲ. ನಮೂನೆಯಲ್ಲಿ ಮೂರನೆಯ ಚೌಕವೊಂದನ್ನು ಹಾಕಿಸಿ. ಅಚ್ಚು ಹಾಕುವಾಗ ಕರಡು ನನಗೆ ಕಳಿಸಿದರೆ ಉಚಿತವಾಗಿ ತಿದ್ದಿಕೊಡುತ್ತೇನೆ. ಪದಗಳನ್ನು ಮುಟ್ಟುವುದಿಲ್ಲ, ಆಣೆಗೂ.

ಇವೆಲ್ಲ ಆಗಲು ಕಾಲ ಬೇಕು, ನನಗೆ ಗೊತ್ತು. ಈ ತಿಂಗಳ ಮಟ್ಟಿಗೆ ಒಂದೇ ಕೋರಿಕೆ, ತಮ್ಮ ಪರಿಶೀಲಕರಿಗೆ ತಲುಪಿಸಿ. ಮಂಗಳವಾರದಿಂದ ನನ್ನ ಅಕ್ಕ ಬೆಳಿಗ್ಗೆ ಎಂಟಕ್ಕೆ ಮೇಲಿನಿಂದ ಹೊರಡುತ್ತಾಳೆ. ಅವಳ ಒಂದು ಮೆಟ್ಟಿಲು ಕೆಳಗೆ ನಾನು, ಬಿದ್ದರೆ ಹಿಡಿಯಲು. ಹೊತ್ತುಕೊಂಡು ಹೋಗುತ್ತೇನೆ ಎಂದರೆ ಬಯ್ಯುತ್ತಾಳೆ, ಅದು ಖುದ್ದಾಗಿ ಆಗುವುದಿಲ್ಲವಂತೆ. ಸಂಜೆ ಮೇಲೇರುವಾಗ ಮಾತ್ರ ನನಗೂ ಮೇಸ್ತ್ರಿಗೂ ಹೊರಲು ಬಿಡುತ್ತಾಳೆ. ಒಂಬತ್ತೂ ಮುಕ್ಕಾಲಿಗೆ ಕೊನೆಯ ಮೆಟ್ಟಿಲು ತಲುಪುತ್ತಾಳೆ. ನಾನು ಕೆಲಸಕ್ಕೆ ಹೋಗುತ್ತೇನೆ. ಅವಳು ಹತ್ತರಿಂದ ಐದರವರೆಗೆ, ಬಾಗಿಲ ಹಿಂದೆ, ನೆಲದಿಂದ ಒಂದಡಿ ಮೇಲೆ, ಒಂದು ಬಾಟಲಿ ನೀರು ಇಟ್ಟುಕೊಂಡು ಕುಳಿತಿರುತ್ತಾಳೆ. ನೀರನ್ನು ಕುಡಿಯುವುದಿಲ್ಲ, ಬಚ್ಚಲು ಮೇಲಿದೆ. ಕೆಳಗಿನ ಚಿಲಕ ಅವಳ ಕೈಗೆ ಎಟುಕುತ್ತದೆ, ಪರೀಕ್ಷಿಸಿ ನೋಡಿದ್ದೇವೆ. ಬಾಗಿಲು ಸ್ವಲ್ಪ ಬಿಗಿ, ಎಳೆಯಲು ಹೊತ್ತು ಹಿಡಿಯುತ್ತದೆ. ಬಂದವರು ಬೆಲ್ ಒತ್ತಿ ಕಾಯಲಿ. ಒಳಗೆ ಸದ್ದು ಕೇಳದಿದ್ದರೂ ಕಾಯಲಿ. ಅವಳು ಅಲ್ಲೇ ಇದ್ದಾಳೆ.

ಇಂತಿ,
ಬಾಗಿಲು ತೆರೆಯುವ ಅಧಿಕಾರವಿಲ್ಲದ,
ಅರ್ಜಿದಾರರ ತಮ್ಮ